ಅವ್ವನ ಬಿಳಿಚಿದ ಮುಖ

ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ಬಾಲ್ಯದಲ್ಲಿ ಕಂಡ ಕೊಲ್ಲಾಪುರದ ದವಾಖಾನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ಮುಖ ಸುಣ್ಣದಂತೆ ಬಿಳಿಚಿತ್ತು. ಅಂಗಾಲು ಜುಮುಗುಟ್ಟಿ, ನಡೆಯುವಾಗ ತೂರಾಡುತ್ತಿದ್ದಳು. ಇಚಲಕರಂಜಿಯ ನಮ್ಮ ಜೈನ ಓಣಿಯವರು ಆ ಬಿಳುಪನ್ನು ಅವಳ ವ್ರತ-ಉಪವಾಸಗಳ ತೇಜಸ್ಸೆಂದು ನಂಬಿ ಅವಳ ಕಾಲಿಗೆ ಬೀಳುತ್ತಿದ್ದರು.

ರಕ್ತ ಪರೀಕ್ಷಿಸಿದ ಡಾಕ್ಟರು ಅಂದರು: "ಇದು ಉಪವಾಸದ ನಿಶ್ಶಕ್ತಿ ಅಲ್ರೀ ಅಕ್ಕಾರ, ಪರ್ನೀಶಿಯಸ್ ಅನೀಮಿಯಾ. ನಿಮ್ಮ ಮೈಯಾಗ ರಕ್ತ ಸರಿಯಾಗಿ ಹುಟ್ಟವಲ್ತು. ಇಂಜೆಕ್ಷನ್ ತಗೊಂಡ್ರ ಉಳೀತೀರಿ. ಆದ್ರ ಅದನ್ನ ಪ್ರಾಣಿ ಲಿವರ್‌ದಿಂದ ಮಾಡ್ತಾರ."

ಜೊತೆಗೆ ಬಂದಿದ್ದ ಅಜ್ಜಿ ಎದ್ದೇಬಿಟ್ಟಳು. "ಊರೆಲ್ಲಾ ನಿನ್ನ ಸಾಧ್ವಿ ಅಂತೈತಿ. ಧರ್ಮ ಕೆಡಿಸ್ಕೋಬ್ಯಾಡ, ನಡಿ ಮನೀಗೆ!"

ಅವ್ವ ಕುಳಿತಲ್ಲಿಂದ ಕದಲಲಿಲ್ಲ.

"ಊರು ಹಂಗ ಅನ್ನೂದು ಬಿಡ್ಲಿ, ಅತ್ತೀ. ಇಷ್ಟು ದಿನ ನನ್ನ ರೋಗಕ್ಕ ಕೈ ಮುಗದ್ರಿ, ಯಾರೂ ಔಷಧ ಕೇಳಲಿಲ್ಲ. ಪಾಪ ಬಂದ್ರ ನನಗ ಬರ್ಲಿ. ನನಗ ಬದುಕೂದೈತಿ."

ಇದಿಷ್ಟನ್ನೂ ಅವಳೇ ಅಂದಳೋ, ವಿಶ್ವವಿದ್ಯಾಲಯದಲ್ಲಿ ನಾಲ್ಕಕ್ಷರ ಕಲಿತ ಮೇಲೆ ನಾನೇ ಅವಳ ಬಾಯಿಗೆ ಹಾಕಿದೆನೋ, ಆಣೆಯಿಟ್ಟು ಹೇಳಲಾರೆ. ಆದರೆ ಅವಳು ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ, ಅತ್ತೆಯ ಮುಖವನ್ನೇ ನೋಡುತ್ತ, ಡಾಕ್ಟರ ಮುಂದೆ ಕೈ ಚಾಚಿದ್ದನ್ನು ನಾನು ಕಂಡಿದ್ದೇನೆ.