ಒಂದು ‘ಡಿ’

ಗಿರಣಿ ಪಕ್ಕದ ಆಸ್ಪತ್ರೆಯ ದಾಖಲೆ ವಿಭಾಗದ ಗುಮಾಸ್ತೆಯ ಬೆರಳು ಪರದೆಯ ಮೇಲೆ ‘ಹಳೇ ಎಕ್ಸ್‌ರೇ ಅಳಿಸಬೇ’ ಎಂಬಲ್ಲಿ ನಿಂತುಬಿಟ್ಟಿತು. ಅವಳೇ ಇಟ್ಟಿದ್ದ ಹೆಸರು ‘ಹಳೇ ಎಕ್ಸ್‌ರೇ ಅಳಿಸಬೇಡಿ’. ಗಿರಣಿಯ ಧೂಳು ಕುಡಿದವರ ಎದೆಗೂಡಿನ ಚಿತ್ರಗಳೆಲ್ಲ ಆ ಫೋಲ್ಡರಿನಲ್ಲಿದ್ದವು. ನಾಳೆ ಕೋರ್ಟಿನಲ್ಲಿ ಅವೇ ಸಾಕ್ಷಿ. ಈಗ ಅದು ಖಾಲಿ.

“‘ಡಿ’ ಎಲ್ಲಿ ಹೋಯ್ತಪ್ಪಾ?”

“ಎಲ್ಲಾ ಶಾಖೆಗಳ ಕಡತ ಒಂದೇ ಸಿಸ್ಟಮ್‌ಗೆ ಸೇರಿಸಿದ್ವಲ್ಲ ಮೇಡಂ, ಅದು ಉದ್ದ ಹೆಸರಿನ ಬಾಲ ಕತ್ತರಿಸುತ್ತೆ,” ಎಂದ ಕಂಪ್ಯೂಟರಿನವನು. “ಇನ್ನೊಂದು ಶಾಖೆಯವರು ‘ಹಳೇ ಎಕ್ಸ್‌ರೇ ಅಳಿಸಬೇಕು’ ಅಂತ ಇಟ್ಟಿದ್ರು. ಬಾಲ ಹೋದ್ಮೇಲೆ ಎರಡೂ ಅವಳಿ-ಜವಳಿ. ಒಂದಾಗಿಬಿಟ್ವು. ಅವರು ಅಳಿಸಿದ್ರು.”

“ಹಳೇ ಸರ್ವರ್?”

“ಮೊನ್ನೇನೇ ಗುಜರಿಗೆ ಹೋಯ್ತು.”

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅವಳ ತಮ್ಮ, ಅದೇ ಗಿರಣಿಯಲ್ಲಿ ದುಡಿದು ಸವೆದವನು, “ಸಿಕ್ತೇನಕ್ಕಾ?” ಎಂದು ಕೂಗಲು ಹೋಗಿ ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ.

ಅವಳು ಪರದೆಯ ಮೇಲೆ ಕೂತಿದ್ದ ಗಿರಣಿಯ ಧೂಳಿನಲ್ಲಿ, ‘ಬೇ’ಯ ಪಕ್ಕಕ್ಕೆ, ಬೆರಳಿನಿಂದ ‘ಡಿ’ ಎಂದು ಬರೆದಳು.

“ಅಯ್ಯೋ, ಎಷ್ಟು ಧೂಳು ಮೇಡಂ!” ಎನ್ನುತ್ತ ಕಂಪ್ಯೂಟರಿನವನು ಕರವಸ್ತ್ರ ತೆಗೆದು ಪರದೆಯನ್ನು ಒರೆಸಿಬಿಟ್ಟ.