ಕುಡಿಯದ ಡ್ರೈವರ್

ಸ್ಟ್ಯಾಂಡಿನ ಹಿಂದೆ ಗೆಳೆಯರ ಜತೆ ಗಾಂಜಾ ಸೇದಿ ಆಟೊ ಹತ್ತಿದ ಫಕೀರಪ್ಪನಿಗೆ ರಸ್ತೆ ಯಾಕೋ ತೇಲಿದಂತೆ ಕಾಣುತ್ತಿತ್ತು. ಆಸ್ಪತ್ರೆಯ ಮುಂದೆ ಪೊಲೀಸಪ್ಪ ಕೈ ಅಡ್ಡ ಹಿಡಿದಾಗ ಬ್ರೇಕ್ ಒತ್ತಿದ.

"ಊದೋ ತಮ್ಮಾ."

ಊದಿದ. ಹೆಂಡ ಕುಡಿದವರನ್ನು ಹಿಡಿಯುವ ಯಂತ್ರ ಸುಮ್ಮನಿತ್ತು.

"ಭಲೇ! ಆಗಿಂದ ಊದಿಸಾಕತ್ತೇನಿ, ಕುಡೀದಾಂವ ನೀ ಒಬ್ಬನ ನೋಡಪಾ," ಎಂದು ಪೊಲೀಸಪ್ಪ ಬೆನ್ನು ತಟ್ಟಿದ.

ಬದುಕಿದೆನೆಂದು ಫಕೀರಪ್ಪ ಗೇರ್ ಹಾಕುವಷ್ಟರಲ್ಲಿ, "ನಿಂದ್ರು, ಬಾಡಿಗಿ ಐತಿ," ಎಂದ ಪೊಲೀಸಪ್ಪ ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದ ಮಗಳನ್ನು ಕೂಗಿದ. "ಬಾರವ್ವಾ, ನಂಬಿಗಸ್ಥ ಡ್ರೈವರ್ ಸಿಕ್ಕ. ಕೂಸಿಗೆ ಗಾಳಿ ಬಡೀದಂಗ ಹಿಡಕೊಂಡು ಕೂಡು."

ಹಸುಗೂಸನ್ನು ಎದೆಗವಚಿಕೊಂಡು ಅವಳು ಹಿಂದೆ ಕೂತಳು. ಕೂಸು ಆಕಳಿಸಿದ್ದು ಕನ್ನಡಿಯಲ್ಲಿ ಕಂಡಿತು.

ಫಕೀರಪ್ಪ ಕೆಳಗಿಳಿದು, ಕೀಲಿ ತೆಗೆದು ಪೊಲೀಸಪ್ಪನ ಅಂಗೈಯಲ್ಲಿಟ್ಟ.

"ಸಾಹೇಬ್ರ, ನಿಮ್ಮ ಮಷೀನಿಗೆ ಗಾಂಜಾ ಗೊತ್ತಾಗಂಗಿಲ್ರಿ."