ಶಿವಲೀಲಕ್ಕನ ಬಲೆ

ಧಾರವಾಡದ ಒಂದು ಕಾಲೇಜು. ಅಲ್ಲಿ ಹುಡುಗಿಯರ ಲ್ಯಾಕ್ರೋಸ್ ಟೀಮ್ ಇತ್ತು...

ಗೊತ್ತಿಲ್ಲದವರಿಗೆ ಒಂದು ಮಾತು. ಉದ್ದನೆಯ ಕೋಲು, ಅದರ ತುದಿಗೆ ಪುಟ್ಟ ಬಲೆ. ಚೆಂಡನ್ನು ಬಲೆಯಲ್ಲೇ ಹಿಡಿಯಬೇಕು, ಬಲೆಯಿಂದಲೇ ಬೀಸಿ ಗೋಲು ಹೊಡೆಯಬೇಕು. ಅದೇ ಲ್ಯಾಕ್ರೋಸ್.

ಆ ಟೀಮಿನ ರಾಣಿ ಫೈನಲ್ ಇಯರ್‌ನ ಶಿವಲೀಲಾ. ಅವಳು ಬೀಸಿದಳು ಅಂದ್ರೆ ಗೋಲ್‌ಕೀಪರ್‌ಗೆ ಹಿಂದೆ ತಿರುಗಿ ಚೆಂಡು ಹೆಕ್ಕೋದಷ್ಟೇ ಕೆಲಸ...

ಫಸ್ಟ್ ಇಯರ್‌ನ ಹುಲಿಗೆಮ್ಮನಿಗೆ ಅವಳೆಂದರೆ ಪಂಚಪ್ರಾಣ. ಅವಳ ಹಾಗೇ ಜಡೆ, ಅವಳ ಹಾಗೇ ನಡಿಗೆ. ಗೋಲು ಮಾತ್ರ ಅವಳ ಹಾಗೆ ಬೀಳುತ್ತಿರಲಿಲ್ಲ!

"ನನ್ನ ಸ್ಟಿಕ್ಕೇ ಸರಿ ಇಲ್ಲ" ಅಂತ ತೀರ್ಮಾನಿಸಿಬಿಟ್ಟಳು. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ಹಾಗೆ.

ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್ ದಿನ ಬಂತು. ಶಿವಲೀಲಾ ಜೊತೆ ಆಡಲು ಉಳಿದಿದ್ದು ಅದೊಂದೇ ವರ್ಷ. ಹೇಗಾದರೂ ಮಾಡಿ ಆಯ್ಕೆ ಆಗಲೇಬೇಕಿತ್ತು...

ಎಲ್ಲರ ಸ್ಟಿಕ್ಕೂ ಒಂದೇ ಬಣ್ಣ. ಗೋಡೆಗೆ ಒರಗಿಸಿಟ್ಟಿದ್ದರು. ಹುಲಿಗೆಮ್ಮ ಅತ್ತಿತ್ತ ನೋಡಿ, ತನ್ನದನ್ನು ಅಲ್ಲಿಟ್ಟು ಶಿವಲೀಲಾಳದ್ದನ್ನು ಎತ್ತಿಕೊಂಡಳು.

ಮೊದಲ ಚೆಂಡು ಎಡಕ್ಕೆ ಹೋಯಿತು. ಎರಡನೆಯದು ಇನ್ನೂ ಎಡಕ್ಕೆ. ಮೂರನೆಯದು ಕೋಚ್ ಮುಲ್ಲಾ ಸರ್ ಅವರ ಟೀ ಕಪ್ಪಿಗೇ ಬಡಿಯಿತು...

ಆಮೇಲೆ ಶಿವಲೀಲಾ ಬಂದಳು. ಐದು ಎಸೆತ. ಐದೂ ಹೊರಗೆ!

"ಏನಾತವಾ ನಿನಗ? ಹಿಂಗಾದ್ರ ನಿನ್ನ ಹೆಸರು ಹೆಂಗ ಬರೀಲಿ?" ಸರ್ ರೇಗಿದರು.

ಶಿವಲೀಲಾ ಬಲೆಯನ್ನೊಮ್ಮೆ ನೋಡಿ ಸುಮ್ಮನೆ ನಿಂತಳು.

ಹುಲಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ಬಿಟ್ಟರೆ ತನ್ನ ಕಥೆ ಮುಗಿಯಿತು... ಬಿಡದಿದ್ದರೆ ಅಕ್ಕನ ಕಥೆ.

"ಸರ್... ಅಕ್ಕಂದು ತಪ್ಪಿಲ್ರೀ. ಅಕ್ಕನ ಸ್ಟಿಕ್ ನಾನು ಬದಲಿ ಮಾಡೀನ್ರೀ."

ಸರ್ ಶಿವಲೀಲಾಗೆ ಅವಳದೇ ಸ್ಟಿಕ್ ಕೊಡಿಸಿದರು. ಐದಕ್ಕೆ ಐದೂ ಗೋಲು. ಹುಲಿಗೆಮ್ಮನ ಹೆಸರಿಗೆ ಗೆರೆ ಬಿತ್ತು.

ಮೈದಾನದ ಮೂಲೆಯಲ್ಲಿ ಅಳುತ್ತಾ ಕೂತಿದ್ದವಳ ಪಕ್ಕ ಶಿವಲೀಲಾ ಬಂದು ಕೂತಳು.

"ಅಕ್ಕಾ, ಸ್ಟಿಕ್ ಬ್ಯಾರೆ ಅಂತ ನಿಮಗ ಗೊತ್ತಾಗಲಿಲ್ಲೇನ್ರೀ?"

"ಕೈಗೆ ತಗೊಂಡ ಕೂಡ್ಲೇ ಗೊತ್ತಾತು."

"ಮತ್ಯಾಕ ಸುಮ್ಮನಿದ್ರಿ?"

"ನಾ ಹೇಳಿದ್ರ ನೀ ಕಳ್ಳಿ ಆಗ್ತಿದ್ದಿ. ನೀನ ಹೇಳ್ತಿಯೇನೋ ಅಂತ ಕಾದೆ..."

ಹುಲಿಗೆಮ್ಮನ ಅಳು ಇನ್ನೂ ಜೋರಾಯಿತು.

ಶಿವಲೀಲಾ ತನ್ನ ಬಲಗೈ ಚಾಚಿ ತೋರಿಸಿದಳು. ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು.

"ಸಣ್ಣಾಕಿ ಇದ್ದಾಗ ಮುರಿದಿತ್ತು. ಎಷ್ಟು ನೆಟ್ಟಗ ಹೊಡೆದ್ರೂ ಚೆಂಡು ಬಲಕ್ಕ ಹೋಗ್ತಿತ್ತು. ಅದಕ್ಕ ಬಲೆ ಬಿಚ್ಚಿ, ಎಡಕ್ಕ ಎಳೆದು ಕಟ್ಟಿದೆ. ಮತ್ತ ಬಿಚ್ಚಿದೆ, ಮತ್ತ ಕಟ್ಟಿದೆ... ವರ್ಷಾನುಗಟ್ಟಲೆ. ಇದು ನನ್ನ ಡೊಂಕ ಕೈಗೆ ಕಟ್ಟಿದ ಬಲೆ. ನಿನ್ನ ನೆಟ್ಟನ್ನ ಕೈಗೆ ಹೆಂಗ ಹೊಂದ್ತದ ಹುಚ್ಚೀ?"

ವರ್ಷ ಮುಗಿಯಿತು. ಬೀಳ್ಕೊಡುಗೆ ದಿನ ಶಿವಲೀಲಾ ತನ್ನ ಸ್ಟಿಕ್ಕನ್ನು ಹುಲಿಗೆಮ್ಮನ ಕೈಗಿಟ್ಟಳು.

ನೋಡಿದರೆ... ತುದಿಯಲ್ಲಿ ಬಲೆಯೇ ಇಲ್ಲ! ಬರೀ ಖಾಲಿ ಚೌಕಟ್ಟು. ಬಿಚ್ಚಿದ ದಾರವನ್ನು ಉಂಡೆ ಮಾಡಿ ಕೋಲಿಗೆ ಕಟ್ಟಿದ್ದಳು.

"ಸ್ಟಿಕ್ ನಂದು. ಬಲೆ ನೀನ ಕಟ್ಟಿಕೋ."

ಹುಲಿಗೆಮ್ಮ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುವರ್ಷ ಯೂನಿವರ್ಸಿಟಿ ಟೀಮಿನ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅಷ್ಟರಲ್ಲಿ ಆ ಬಲೆಯನ್ನು ಹದಿನೇಳು ಸಲ ಬಿಚ್ಚಿ ಕಟ್ಟಿದ್ದಳು...

ಮೆಚ್ಚಿದವರ ಕೋಲು ಸಿಗಬಹುದು, ಬಲೆಯನ್ನು ಮಾತ್ರ ನಮ್ಮ ಕೈಗೆ ನಾವೇ ಕಟ್ಟಿಕೊಳ್ಳಬೇಕು.

ನೀವು ಮೆಚ್ಚಿದವರಿಂದ ಈವರೆಗೆ ಕಲಿತಿದ್ದು ಅವರ ಜಡೆಯನ್ನೋ... ಅವರು ಬಿಚ್ಚಿ ಕಟ್ಟಿದ ತಾಳ್ಮೆಯನ್ನೋ?